ಆಕರಕೋಶಗಳ ಹಾದಿ

ಸ್ಟೆಮ್ ಸೆಲ್ ಎಂಬ ಆಕರಕೋಶಗಳನ್ನು ಅಭಿಧಮನಿಗೆ ಚುಚ್ಚಿದರೆ ಅವು ರೋಗವಿರುವ ಅಂಗವನ್ನು ತಾವೇ ಹುಡುಕಿಕೊಂಡು ಹೋಗುವುವೆಂದು ಅನೇಕರು ನಂಬಿದ್ದಾರೆ. ಅಸ್ಥಿಮಜ್ಜೆಯ ಮಟ್ಟಿಗೆ ಇದು ದಿಟ. ರೋಗಿಗಳ ರಕ್ತನಾಳಕ್ಕೆ ಮಜ್ಜೆಯನ್ನು ಹರಿಸಿದ ತಮ್ಮ ಪ್ರಯೋಗವನ್ನು ಅಮೆರಿಕದ ಡಾನಲ್ ಥಾಮಸರು 1957ರಲ್ಲಿ ಪ್ರಕಟಿಸಿದರು. ರಕ್ತವನ್ನು ಉತ್ಪಾದಿಸುವ ಕೋಶಗಳು ಮಜ್ಜೆಯ ರಾಸಾಯನಿಕ ಕರೆಗೆ ಓಗೊಟ್ಟು ಅಲ್ಲಿಯೇ ನೆಲೆಸುತ್ತವೆ. ಆದರೆ ಮಜ್ಜೆಯಲ್ಲೂ ಕೊಬ್ಬಿನಲ್ಲೂ ದೊರೆಯುವ ಮೀಸೆಂಕೈಮಲ್ ಕೋಶಗಳ ಪಾಡೇ ಬೇರೆ. ಗಾತ್ರದಲ್ಲಿ ಹಿರಿದಾದ ಇವು ಹೃದಯದ ಬಲಭಾಗವನ್ನು ದಾಟಿದೊಡನೆ ಶ್ವಾಸಕೋಶದ ಲೋಮನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಹುಪಾಲು ಅಲ್ಲಿಯೇ ಅಳಿಯುತ್ತವೆ. ಕೋಟಿಗಟ್ಟಲೆ ಕೋಶಗಳನ್ನು ಕೊಟ್ಟೆವೆಂದು ಸಾರಿ ಹಣ ಪಡೆಯುವವರು, ಗುರಿ ಮುಟ್ಟಿದವೆಷ್ಟೆಂಬುದನ್ನು ಮರೆಮಾಡುವುದು ನ್ಯಾಯವಲ್ಲ. ಮೆದುಳಿನತ್ತ ಹೋಗುವ ಅಪಧಮನಿಯ ಹಾದಿ ಹಿಡಿದರೆ ಶ್ವಾಸಕೋಶದ ಜರಡಿಯೇನೋ ತಪ್ಪುತ್ತದೆ; ಆದರೆ ಮೆದುಳಿನ ಕಿರುನಾಳಗಳೇ ಮುಚ್ಚಿಹೋಗುವ ಅಪಾಯವುಂಟು. ಹೃದಯದ ಸ್ನಾಯುವಿಗೆ ನೇರವಾಗಿ ಚುಚ್ಚಿದರೂ ಅದರ ಮಿಡಿತವು ಅವುಗಳಲ್ಲಿ ಹೆಚ್ಚಿನವನ್ನು ಹೊರದೂಡಿಬಿಡುತ್ತದೆ.