ಸೂಜಿಯ ಕೆಲಸಕ್ಕೆ ತಕ್ಕ ಬೆಲೆ

ನಮ್ಮ ಪಾಠಶಾಲೆಯಲ್ಲಿ ಕಲಿತು ಹೋದ ಸೋದರಿಯರಿಗೂ, ಈಗ ಕಲಿಯುತ್ತಿರುವ ಬಾಲಿಕೆಯರ ತಾಯಿತಂದೆಗಳಿಗೂ ಒಂದು ಮಾತನ್ನು ಅರಿಕೆ ಮಾಡಿಕೊಳ್ಳಬೇಕೆಂದು ನಾವು ಬಹು ದಿವಸಗಳಿಂದ ಯೋಚಿಸುತ್ತಿದ್ದೆವು. ಕೈಗೆಲಸದ ಸಂತೆಗಳಲ್ಲಿಯೂ ಪಾಠಶಾಲೆಗಳ ವಾರ್ಷಿಕ ಮಾರಾಟಗಳಲ್ಲಿಯೂ ನಾವು ನಮ್ಮ ಕಸೂತಿಯನ್ನು ತೀರ ಅಗ್ಗವಾಗಿ ಮಾರುತ್ತಿದ್ದೇವೆ. ಇದರಿಂದ ನಮಗೆ ನಷ್ಟವಿಲ್ಲ. ಆ ಕೆಲಸವನ್ನೇ ನಂಬಿ ಬಾಳುವ ಹೆಂಗಸರಿಗೆ ನಷ್ಟವುಂಟು. ಇದನ್ನು ನಾವು ಪರರ ಮೇಲೆ ದೋಷ ಹೊರಿಸುವದಕ್ಕಾಗಿ ಹೇಳುತ್ತಿಲ್ಲ, ನಾವೇ ಮಾಡಿದ ತಪ್ಪಾದಕಾರಣ ಹೇಳುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ಕರಕುಶಲ ವಸ್ತುಗಳ ಸಂತೆಯಲ್ಲಿ ನಾವು ಮೂವರು ಹಳೆಯ ವಿದ್ಯಾರ್ಥಿನಿಯರು ಕೂಡಿ ಒಂದು ಮೇಜನ್ನು ಹಿಡಿದಿದ್ದೆವು. ಕರವಸ್ತ್ರಗಳು, ತಲೆದಿಂಬಿನ ಚೀಲಗಳು, ಮೇಜಿನ ಹೊದಿಕೆಗಳು ನಮ್ಮ ಸರಕು. ಬಂದ ಹಣವೆಲ್ಲ ಧರ್ಮಕಾರ್ಯಕ್ಕೆ ಮೀಸಲಾಗಿದ್ದುದರಿಂದ, ಬಟ್ಟೆನೂಲಿನ ಖರ್ಚು ಹುಟ್ಟಿ ಮೇಲೆ ಸ್ವಲ್ಪ ಉಳಿದರೆ ಸಾಕೆಂದು ಬೆಲೆಯನ್ನು ಇಟ್ಟಿದ್ದೆವು. ಮಧ್ಯಾಹ್ನವಾಗುವಷ್ಟರಲ್ಲಿ ಮೇಜು ಬರಿದಾಯಿತು. ನಮ್ಮ ಸಂತೋಷಕ್ಕೆ ಮಿತಿಯಿರಲಿಲ್ಲ. ಪಕ್ಕದ ಮೇಜಿನಲ್ಲಿ ಧಾರವಾಡದ ಕಡೆಯ ಒಬ್ಬ ಹೆಂಗಸು ತನ್ನ ಮಗಳೊಡನೆ ಕುಳಿತಿದ್ದಳು. ಅವಳ ಕೆಲಸವು ನಮ್ಮದಕ್ಕಿಂತ ಬಹಳ ಮೇಲಾದದ್ದು. ಆದರೆ ಅವಳ ಬೆಲೆಯನ್ನು ಕೇಳಿದವರೆಲ್ಲರೂ ನಮ್ಮ ಮೇಜಿನ ಕಡೆಗೆ ಕೈತೋರಿಸಿ, ಅಲ್ಲಿ ಇನ್ನೂರೈವತ್ತಕ್ಕೆ ಕೊಡುತ್ತಾರಲ್ಲ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಸಾಯಂಕಾಲ ಗಂಟು ಕಟ್ಟುತ್ತ ಅವಳು ಸಿಟ್ಟಿಲ್ಲದೆ ಒಂದು ಮಾತು ಅಂದಳು: “ಅಕ್ಕಾರ, ನಿಮಗ ಇದು ಹೊತ್ತ ಕಳಿಯೋ ಕೆಲಸರೀ. ನಮಗ ಇದ ಹೊತ್ತಿನ ಕೂಳು.” ನಮ್ಮಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ.

ಈ ಕೆಲಸ ಎಂಥಾದ್ದೆಂಬದನ್ನು ಸೂಜಿ ಹಿಡಿಯದ ವಾಚಕರಿಗಾಗಿ ತುಸು ವಿವರಿಸುವದು ಅವಶ್ಯ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಕಣ್ಣಿನಿಂದ ಎಣಿಸಿಯೇ ಗೋಪುರ, ತೇರು, ಪಲ್ಲಕ್ಕಿ, ಆನೆ, ತುಳಸಿಕಟ್ಟೆಗಳನ್ನು ಮೂಡಿಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಹೊಲಿಗೆಯಲ್ಲಿ ನಾಲ್ಕು ಬಗೆ. ನೇಗಿಯು ನೇಯ್ದ ಹಾಗೆ ಕಾಣುವದು. ಮೆಂತಿಯು ಕತ್ತರಿಹೊಲಿಗೆ, ಅದಕ್ಕೆ ನೂಲು ಹೆಚ್ಚು ಬೇಕು. ಗವಂತಿಯಲ್ಲಿ ಸೂಜಿಯು ಒಂದೊಂದು ಹೆಜ್ಜೆಯನ್ನು ಬಿಟ್ಟು ಮುಂದಕ್ಕೆ ಹೋಗಿ, ಬಿಟ್ಟ ಹೆಜ್ಜೆಗಳನ್ನು ತುಂಬುತ್ತ ಅದೇ ದಾರಿಯಿಂದ ಹಿಂದಕ್ಕೆ ಬರುವದು; ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲುಗಳಂತೆ ಏರಿಳಿಯುವದು. ಇವೆರಡರಲ್ಲಿ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ರೀತಿಯಾಗಿ ಕಾಣಬೇಕು. ಗಂಟು ಹಾಕಕೂಡದು. ನಡುವೆ ಒಂದು ಎಳೆ ತಪ್ಪಿತೆಂದರೆ ಮಾಡಿದ್ದನ್ನು ಬಿಚ್ಚುವದೇ ಗತಿ. ಕಪ್ಪು ಚಂದ್ರಕಾಳಿ ಸೀರೆಯ ಮೇಲಂತೂ ಎಳೆಗಳನ್ನು ಎಣಿಸುವವಳ ಕಣ್ಣಿನ ಪಾಡು ಅವಳಿಗೇ ಗೊತ್ತು.

ಇಂಥ ಕೆಲಸಕ್ಕೆ ಪೂರ್ವದಲ್ಲಿ ಬೆಲೆಯೆಂಬದೇ ಇರಲಿಲ್ಲ. ಮಗಳ ಮದುವೆಗೆಂದು ಇಳಕಲ್ಲ ಸೀರೆಗೂ, ಮೊಮ್ಮಗುವಿನ ಕುಲಾವಿಗೂ ಮನೆಯ ಹೆಂಗಸರು ಪ್ರೀತಿಯಿಂದ ಹಾಕುತ್ತಿದ್ದರು. ಪ್ರೀತಿಯಿಂದ ಹಾಕಿದ್ದಕ್ಕೆ ಕೂಲಿ ಯಾರು ಕಟ್ಟುವರು? ಮುಂದೆ ಅದೇ ಕೆಲಸವು ಸಂತೆಗೆ ಬಂದಾಗ ಉಡುಗೊರೆಯ ಲೆಕ್ಕವೇ ಅದರ ಬೆನ್ನು ಹತ್ತಿ ಬಂತು. ಗಂಡಸಿನ ಬಡಿಗತನಕ್ಕೆ ದಿನಗೂಲಿಯನ್ನು ಎಣಿಸುವ ನಾವು, ಹೆಂಗಸಿನ ಸೂಜಿಗೆ ನೂಲಿನ ಬೆಲೆಯನ್ನು ಮಾತ್ರ ಎಣಿಸುತ್ತೇವೆ.

ಈ ವಿಷಯದಲ್ಲಿ ಮಿಶನ್ ಪಾಠಶಾಲೆಗಳವರಾದ ನಾವು ನೆನಪಿನಲ್ಲಿಡಬೇಕಾದ ಒಂದು ವೃತ್ತಾಂತವುಂಟು. ಗೋದಾವರಿ ತೀರದ ನರಸಾಪುರ ಪ್ರಾಂತದಲ್ಲಿ ಲೇಸು ಹೆಣೆಯುವದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಲಿಸಿದವರು ಮಿಶನರಿಗಳೇ. ಬಡ ಹೆಂಗಸರಿಗೆ ಮನೆಯಲ್ಲಿಯೇ ಜೀವನೋಪಾಯವಾಗಲೆಂಬ ಸದುದ್ದೇಶ ಅದರಲ್ಲಿತ್ತು. ಆದರೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಎಂಬವರು ಆ ಹೆಂಗಸರ ನಡುವೆ ಶೋಧನೆ ನಡಿಸಿ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿರುವದೇನಂದರೆ, ಅವರ ಲೇಸು ಪರದೇಶಗಳಿಗೆ ಹೋಗಿ ವ್ಯಾಪಾರಿಗಳಿಗೆ ಲಾಭವಾಗುತ್ತಿದ್ದರೂ, ಹೆಣೆಯುವವರು ಬಿಡುವಿನ ವೇಳೆಯನ್ನು ಕಳೆಯುವ ಗೃಹಿಣಿಯರೆಂದೇ ಎಣಿಸಲ್ಪಟ್ಟು, ಅತ್ಯಲ್ಪ ಕೂಲಿಯನ್ನು ಪಡೆಯುತ್ತಿದ್ದರು. ಬಿಡುವಿನ ವೇಳೆ ಎಂಬ ಆ ಒಂದು ಮಾತೇ ಅವರ ಕೂಲಿಯನ್ನು ತಿಂದಿತು. ನಮ್ಮ ಮೇಜಿನ ಮೇಲೆಯೂ ಅದೇ ಮಾತು ಕೂತಿತ್ತಲ್ಲವೇ?

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಒಂದು ಚಿಕ್ಕ ಮೇಜಿನ ಹೊದಿಕೆಗೆ 20 ಗಂಟೆಗಳ ಕೆಲಸ, ಬಟ್ಟೆನೂಲಿಗೆ 120 ರೂಪಾಯಿ ಎಂದು ಹಿಡಿಯಿರಿ. ಅದನ್ನು 250 ರೂಪಾಯಿಗೆ ಮಾರಿದರೆ ಗಂಟೆಗೆ ದೊರೆಯುವದು ಆರೂವರೆ ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ 2024-25ರಲ್ಲಿ 349 ರೂಪಾಯಿ ಇತ್ತು. ಎಂಟು ಗಂಟೆಯ ದಿನವೆಂದು ಹಿಡಿದು, ಮಣ್ಣು ಹೊರುವ ಆ ಕೂಲಿಯನ್ನೇ ಸೂಜಿಗೂ ಕಟ್ಟಿದರೆ, ಹೊದಿಕೆಯ ಬೆಲೆ ಸುಮಾರು 990 ರೂಪಾಯಿ ಆಗುವದು. ಮೇಜಿನ ಬಾಡಿಗೆ, ಬಸ್ಸಿನ ಖರ್ಚು, ಮಾರದೆ ಉಳಿದ ವಸ್ತುಗಳ ನಷ್ಟ ಇವು ಇನ್ನೂ ಸೇರಿಲ್ಲ. ಹಾಗಾದರೆ ಧಾರವಾಡದ ಆ ಹೆಂಗಸು ಹೇಳಿದ ಬೆಲೆಯು ದುಬಾರಿಯಾಗಿತ್ತೇ?

ಇಷ್ಟು ಬೆಲೆ ಕೊಟ್ಟು ಯಾರು ಕೊಳ್ಳುವರೆಂದು ಕೆಲವರು ಕೇಳುವರು. ಯಂತ್ರದ ಕಸೂತಿ ಅಗ್ಗವಾಗಿ ದೊರೆಯುವಾಗ ಈ ಪ್ರಶ್ನೆ ಅಯುಕ್ತವಲ್ಲ. 1999ರ ಕಾಯಿದೆಯ ಮೇರೆಗೆ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕದ ನೋಂದಣಿ ದೊರೆತಿರುವದು ಹೆಮ್ಮೆಯ ಸಂಗತಿಯೇ ಸರಿ. 2023ರ ಜುಲಾಯಿಯಲ್ಲಿ ಹಂಪಿಯ ಜಿ-20 ಸಭೆಯ ಕಾಲಕ್ಕೆ ಲಂಬಾಣಿ ಹೆಂಗಸರ ಕೈಯ 1,755 ವಸ್ತುಗಳು ಒಂದೆಡೆ ಪ್ರದರ್ಶಿಸಲ್ಪಟ್ಟು ಗಿನ್ನೆಸ್ ದಾಖಲೆಯಾದದ್ದನ್ನು ನಾವೆಲ್ಲರೂ ಮೆಚ್ಚಿದೆವು. (ಮೆಚ್ಚಿದ ನಾವೇ ಮರುವಾರ ಸಂತೆಯಲ್ಲಿ ಐವತ್ತು ರೂಪಾಯಿಗಾಗಿ ಚೌಕಾಸಿ ಮಾಡಿದ್ದೂ ಉಂಟು.) ಆದರೆ ಮೇಜಿನ ಮುಂದೆ ನಿಂತ ಗಿರಾಕಿಗೆ ಕಾಯಿದೆಯು ತಾನಾಗಿ ಕಾಣಿಸದು, ಮಾರುವವಳೇ ತೋರಿಸಬೇಕು. ಅದಕ್ಕೆ ಸುಲಭವಾದ ಉಪಾಯ, ಬಟ್ಟೆಯನ್ನು ಮಗುಚಿ ಇಡುವದು. ಯಂತ್ರದ ಕೆಲಸದ ಒಳಮೈಯಲ್ಲಿ ಕೆಳಗಿನ ಉರುಳೆಯ ನೂಲು, ಬಹುಮಟ್ಟಿಗೆ ಬಿಳಿಯದು, ಕಾಣುವದು. ಎಷ್ಟೋ ವೇಳೆ ಆಧಾರಕ್ಕೆ ಹಚ್ಚಿದ ಕಾಗದದಂಥ ಪದರವೂ ಉಳಿದಿರುವದು. ಗವಂತಿಯ ಒಳಮೈಯನ್ನು ಒಮ್ಮೆ ನೋಡಿದ ಗಿರಾಕಿಯು ಆಮೇಲೆ ಮೋಸಹೋಗಲಾರನು. ಅರ್ಧ ಮುಗಿದ ಕೆಲಸವೊಂದನ್ನು ಕೈಯಲ್ಲಿ ಹಿಡಿದು ಹೊಲಿಯುತ್ತ ಮಾರುವದು ಇನ್ನೂ ಮೇಲು.

ಬೆಲೆಯನ್ನು ಏರಿಸಿದರೆ ಮಾರಾಟವು ಕಡಿಮೆಯಾಗಬಹುದೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಅದಕ್ಕಾಗಿ ಕೂಲಿಯನ್ನು ಕಡಿಯುವದಕ್ಕಿಂತ ಕೆಲಸವನ್ನು ಚಿಕ್ಕದಾಗಿಸುವದು ಲೇಸು. ಎರಡು ಗಂಟೆಯಲ್ಲಿ ಮುಗಿಯುವ ಪುಸ್ತಕದ ಪಟ್ಟಿ, ಚಿಕ್ಕ ಹಣದ ಚೀಲ, ಕುಪ್ಪಸದ ತೋಳಿನ ಅಂಚು ಇವುಗಳನ್ನು ನ್ಯಾಯವಾದ ಬೆಲೆಗೆ ಕೊಳ್ಳುವವರು ಸಂತೆಯಲ್ಲಿ ಬಹಳ ಜನರುಂಟು. ಸೆರಗು ತುಂಬಿದ ಸೀರೆಗೆ ಮಾತ್ರ ಮುಂಗಡ ಕೊಟ್ಟು ಹೇಳಿ ಮಾಡಿಸುವವರೇ ಬೇಕು.

ಬರುವ ವರ್ಷದ ಪಾಠಶಾಲೆಯ ಮಾರಾಟಕ್ಕೆ ನಮ್ಮ ಸೂಚನೆಯೇನಂದರೆ: ಬಾಲಿಕೆಯರ ಕೈಗೆಲಸವನ್ನು ಬೇರೆ ಮೇಜಿನ ಮೇಲೆ, ಕಲಿಯುವವರ ಕೆಲಸವೆಂದು ಸ್ಪಷ್ಟವಾಗಿ ಬರೆದು ಇಡಲಿ. ಹಳೆಯ ವಿದ್ಯಾರ್ಥಿನಿಯರು ತರುವ ವಸ್ತುಗಳಿಗೆ ಗಂಟೆಗಳನ್ನು ಚೀಟಿಯಲ್ಲಿ ಬರೆದು ಅದರಂತೆ ಬೆಲೆ ಕಟ್ಟಲಿ. ಧರ್ಮಕ್ಕೆ ಕೊಡುವವರು ಬಂದ ಹಣದಿಂದ ಕೊಡಲಿ. ಬಾಗಿಲ ಹತ್ತಿರದ ಒಳ್ಳೆಯ ಮೇಜುಗಳೆರಡನ್ನು ಇದರಿಂದಲೇ ಜೀವಿಸುವ ಹೆಂಗಸರಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ಆ ಮೇಜುಗಳ ಮುಂದೆ ತಾಯಿತಂದೆಗಳು, ಜೊತೆಯಲ್ಲಿ ಮಗಳು ನಿಂತಿರುವಾಗಲಾದರೂ, ಚೌಕಾಸಿ ಮಾಡದಿರಲಿ. ನಾವು ಮೂವರೂ ಈ ಸಲ ಮೇಜು ಹಿಡಿಯುವದಿಲ್ಲ, ಕೊಳ್ಳುವದಕ್ಕೆಂದು ಬರುವೆವು.