ಬಾಯಿಮಾತಿನ ಸೀಟು

ಅಮೆರಿಕದ ಕಾಲೇಜು ಕ್ರೀಡಾಲೋಕದಲ್ಲಿ ‘ವರ್ಬಲ್ ಆಫರ್’ ಎನ್ನುವ ಒಂದು ಪದವಿದೆ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹುಡುಗನಿಗೋ ಹುಡುಗಿಗೋ ವಿಶ್ವವಿದ್ಯಾಲಯದ ಕೋಚ್ ಫೋನ್ ಮಾಡಿ, ‘ನಮ್ಮ ತಂಡದಲ್ಲಿ ನಿನಗೆ ಜಾಗವಿದೆ, ಸ್ಕಾಲರ್‌ಶಿಪ್ ಕೊಡುತ್ತೇವೆ’ ಎನ್ನುತ್ತಾರೆ. ಮಗು ಒಪ್ಪಿದರೆ ಅದು ‘ವರ್ಬಲ್ ಕಮಿಟ್‌ಮೆಂಟ್’. ಆ ವಿಶ್ವವಿದ್ಯಾಲಯದ ಟೋಪಿ ಹಾಕಿಕೊಂಡ ಫೋಟೊ ಇನ್‌ಸ್ಟಾಗ್ರಾಂಗೆ ಹೋಗುತ್ತದೆ, ಅಜ್ಜ–ಅಜ್ಜಿಗೆ ಸುದ್ದಿ ಮುಟ್ಟುತ್ತದೆ. ಆದರೆ ಕಾಗದದ ಮಟ್ಟಿಗೆ ಆ ದಿನ ಏನೂ ಆಗಿಲ್ಲ. ಕೋಚ್ ಮರುದಿನ ಮನಸ್ಸು ಬದಲಿಸಬಹುದು, ಮಗುವೂ ಬದಲಿಸಬಹುದು. ಯಾರ ಮೇಲೂ ಯಾವ ಬಾಧ್ಯತೆಯೂ ಇಲ್ಲ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಕೋಡ್ ಬರೆಯುವ ನಮಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಬೆಳಿಗ್ಗೆ ಐದಕ್ಕೆ ಮಕ್ಕಳನ್ನು ಎಬ್ಬಿಸಿ ಈಜುಕೊಳಕ್ಕೋ ಟೆನಿಸ್ ಅಕಾಡೆಮಿಗೋ ಬಿಟ್ಟು ಬರುವ ಕನ್ನಡಿಗ ತಂದೆ–ತಾಯಂದಿರು ನಮ್ಮ ಸೊಸೈಟಿಗಳಲ್ಲಿ ಈಗ ಅಪರೂಪವಲ್ಲ. ಅವರಲ್ಲಿ ಕೆಲವರ ಲೆಕ್ಕಾಚಾರದಲ್ಲಿ ಅಮೆರಿಕದ ಕಾಲೇಜೂ ಇದೆ. ಆ ಆಸೆ ಗಾಳಿಗೋಪುರವೇನಲ್ಲ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರ ಆಡಿ 2007 ಮತ್ತು 2008ರಲ್ಲಿ ಕಾಲೇಜು ಟೆನಿಸ್‌ನ ಸಿಂಗಲ್ಸ್ ಚಾಂಪಿಯನ್ ಆದರು. ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್ ಪರ 2018 ಮತ್ತು 2022ರಲ್ಲಿ ಹೈಜಂಪ್ ಗೆದ್ದರು. ದಾರಿ ಇದೆ. ಆ ದಾರಿಯ ಮೊದಲ ಮೈಲಿಗಲ್ಲೇ ಈ ಬಾಯಿಮಾತು. ಅದರ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದೇ ಪ್ರಶ್ನೆ.

ಮೊದಲು ನಿಯಮ ನೋಡೋಣ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲ್ದರ್ಜೆ ಡಿವಿಜನ್ 1. ಅಲ್ಲಿ ಹೆಚ್ಚಿನ ಆಟಗಳಲ್ಲಿ ಕೋಚ್ ಒಬ್ಬ ವಿದ್ಯಾರ್ಥಿಯೊಂದಿಗೆ ನೇಮಕಾತಿಯ ಮಾತಾಡಬಹುದಾದದ್ದು ಹತ್ತನೇ ತರಗತಿ ಮುಗಿದ ನಂತರದ ಜೂನ್ 15ರಿಂದ. ಆದರೆ ಸ್ಕಾಲರ್‌ಶಿಪ್ಪಿನ ಪ್ರಸ್ತಾಪವನ್ನು ಲಿಖಿತವಾಗಿ ಕೊಡಬಹುದಾದದ್ದು ಹನ್ನೆರಡನೇ ತರಗತಿಯ ಆರಂಭದ ಆಗಸ್ಟ್ 1ರಿಂದ ಮಾತ್ರ. ಸಹಿ ಅದಕ್ಕೂ ತಿಂಗಳುಗಳ ನಂತರ. ಅಂದರೆ ನಡುವೆ ಹದಿಮೂರೂವರೆ ತಿಂಗಳು ಮಾತು ಆಡಬಹುದು, ಬರೆಯುವ ಹಾಗಿಲ್ಲ. ಬಾಯಿಮಾತು ಕೋಚ್‌ಗಳ ಕುಟಿಲತನದಿಂದ ಹುಟ್ಟಿದ ಪದ್ಧತಿಯಲ್ಲ. ನಿಯಮವೇ ಅದನ್ನು ಹುಟ್ಟಿಸಿ ಸಾಕುತ್ತಿದೆ.

ಈ ದಿನಾಂಕಗಳೂ ಸುಮ್ಮನೆ ಬಂದವಲ್ಲ. 2010ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಲೇನ್ ಕಿಫಿನ್, ಡೇವಿಡ್ ಸಿಲ್ಸ್ ಎಂಬ ಏಳನೇ ತರಗತಿಯ ಹುಡುಗನಿಗೆ ಸ್ಕಾಲರ್‌ಶಿಪ್ ಮಾತು ಕೊಟ್ಟರು. ಹುಡುಗನಿಗೆ ಆಗ 13 ವರ್ಷ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದರೆ ಇದೇ. ಆತ ಒಪ್ಪಿದ, ದೇಶವಿಡೀ ಸುದ್ದಿಯಾಯಿತು. 2013ರಲ್ಲಿ ಕಿಫಿನ್ ಅವರನ್ನೇ ವಿಶ್ವವಿದ್ಯಾಲಯ ಕೆಲಸದಿಂದ ತೆಗೆಯಿತು. ಮಾತು ಕೊಟ್ಟವರೇ ಹೋದ ಮೇಲೆ ಮಾತು ಎಲ್ಲಿ ನಿಲ್ಲಬೇಕು? ಸಿಲ್ಸ್ ಕೊನೆಗೆ ಹೋಗಿದ್ದು ವೆಸ್ಟ್ ವರ್ಜೀನಿಯಾಕ್ಕೆ. ಕ್ವಾರ್ಟರ್‌ಬ್ಯಾಕ್ ಎಂದು ಕರೆಸಿಕೊಂಡಿದ್ದ ಹುಡುಗ ಅಲ್ಲಿ ರಿಸೀವರ್ ಆಗಿ ಹೆಸರು ಮಾಡಿದ. ಕಥೆ ಸುಖಾಂತವೇ. ಆದರೆ ಅದರಲ್ಲಿ ಆ ಮೊದಲ ಮಾತಿನ ಪಾಲು ಏನೂ ಇಲ್ಲ.

ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ‘ಕಮಿಟ್’ ಆಗುವುದು ಲಕ್ರಾಸ್‌ನಂಥ ಆಟಗಳಲ್ಲಿ ವಿಪರೀತಕ್ಕೆ ಹೋದಾಗ ಕೋಚ್‌ಗಳೇ ಬೇಸತ್ತು ನಿಯಮ ಕೇಳಿದರು. 2017ರಲ್ಲಿ ಲಕ್ರಾಸ್‌ಗೆ ದಿನಾಂಕದ ಗೆರೆ ಬಂತು, ನಂತರದ ಎರಡು ವರ್ಷಗಳಲ್ಲಿ ಉಳಿದ ಹೆಚ್ಚಿನ ಆಟಗಳಿಗೂ ಬಂತು. ಒಳ್ಳೆಯದೇ ಆಯಿತು. ಆದರೆ ಬಾಯಿಮಾತು ಶುರುವಾಗುವ ದಿನವನ್ನು ಮುಂದೂಡಿದರೇ ಹೊರತು ಅದಕ್ಕೆ ತೂಕ ಕೊಡಲಿಲ್ಲ.

ಈಗ ಕೋಚ್ ಜಾಗದಲ್ಲಿ ನಿಂತು ನೋಡೋಣ. ತಂಡದಲ್ಲಿ ಮುಂದಿನ ವರ್ಷ ಎರಡು ಜಾಗ ಖಾಲಿ. ಇಬ್ಬರಿಗೆ ಮಾತ್ರ ಹೇಳಿ ಕೂತರೆ, ಇಬ್ಬರೂ ಕೊನೆಯ ಗಳಿಗೆಯಲ್ಲಿ ಬೇರೆಡೆ ಹೋದರೆ, ತಂಡ ಖಾಲಿ. ಆದ್ದರಿಂದ ಐವರಿಗೆ ಹೇಳುತ್ತಾರೆ. ದೀಪಾವಳಿಗೆ ಊರಿಗೆ ಹೊರಡುವ ನಮಗೆ ಇದು ಗೊತ್ತಿಲ್ಲದ ವಿಷಯವಲ್ಲ. ಮೊದಲಿಬ್ಬರು ಕನ್ಫರ್ಮ್, ಮೂರನೆಯವರು ಆರ್‌ಎಸಿ, ಉಳಿದವರು ವೇಟಿಂಗ್ ಲಿಸ್ಟ್. ರೈಲ್ವೆ ಇಲಾಖೆ ಟಿಕೆಟ್ ಮೇಲೆ ನಿಮ್ಮ ಸಂಖ್ಯೆಯನ್ನಾದರೂ ಮುದ್ರಿಸುತ್ತದೆ. ಇಲ್ಲಿ ಐವರಿಗೂ ‘ನಿನಗೆ ಸೀಟು ಇದೆ’ ಎಂದೇ ಕೇಳಿಸುತ್ತದೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ‘ಕಮಿಟಬಲ್ ಆಫರ್’ ಎಂಬ ಬೇರೆ ಪದವೇ ಹುಟ್ಟಿಕೊಂಡಿದೆ: ಹೂಂ ಎಂದರೆ ನಿಜವಾಗಿಯೂ ಸಿಗುವ ಆಫರ್. ಅಂಥದ್ದೊಂದು ಪದ ಬೇಕಾಯಿತು ಎಂದರೆ, ಹೂಂ ಎಂದರೂ ಸಿಗದ ಆಫರ್‌ಗಳು ಎಷ್ಟು ಮಾಮೂಲಿ ಎಂದು ಊಹಿಸಿ. ನಮ್ಮ ಭಾಷೆಯಲ್ಲಿ ಇದಕ್ಕೆ ಮೂಗಿಗೆ ತುಪ್ಪ ಸವರುವುದು ಎನ್ನುತ್ತೇವೆ.

ಇನ್ನೊಂದು ಮಗ್ಗುಲೂ ಇದೆ. ಮಕ್ಕಳೂ ಮಾತು ತಪ್ಪುತ್ತಾರೆ. ಚಿಕ್ಕ ವಿಶ್ವವಿದ್ಯಾಲಯಕ್ಕೆ ಹೂಂ ಎಂದು, ದೊಡ್ಡದು ಕರೆದಾಗ ಅತ್ತ ಜಿಗಿಯುತ್ತಾರೆ. ಇದನ್ನು ನೋಡಿ ಮೂಗು ಮುರಿಯುವ ಮೊದಲು ನಮ್ಮದೇ ಐಟಿ ಕ್ಷೇತ್ರವನ್ನು ನೆನೆಯಬೇಕು. 90 ದಿನದ ನೋಟಿಸ್ ಅವಧಿಯಲ್ಲಿ ಮೂರು ಆಫರ್ ಜೇಬಿನಲ್ಲಿಟ್ಟುಕೊಂಡು, ಸೇರಬೇಕಾದ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡಿದವರನ್ನು ನಾವೆಲ್ಲ ನೋಡಿದ್ದೇವೆ. ಕ್ಯಾಂಪಸ್ಸಿನಲ್ಲಿ ಆಯ್ಕೆಯಾಗಿ, ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾದ ಹೊಸ ಪದವೀಧರರನ್ನೂ ನೋಡಿದ್ದೇವೆ. ಎರಡೂ ಕಡೆ ಮಾತು ಅಗ್ಗವಾದಾಗ ಎರಡೂ ಕಡೆಯವರು ಹೆಚ್ಚುವರಿ ಬುಕಿಂಗ್ ಮಾಡುತ್ತಾರೆ. ಒಬ್ಬರ ಅಪನಂಬಿಕೆ ಇನ್ನೊಬ್ಬರ ಅಪನಂಬಿಕೆಯನ್ನು ಬೆಳೆಸುತ್ತದೆ.

ಹಾಗೆಂದು ಎರಡೂ ಕಡೆಯ ನಷ್ಟ ಸಮವೇ? ಅಲ್ಲ. ಒಬ್ಬ ಆಟಗಾರ ಕೈಕೊಟ್ಟರೆ ಕೋಚ್ ಪಟ್ಟಿಯ ಮುಂದಿನ ಹೆಸರಿಗೆ ಫೋನ್ ಮಾಡುತ್ತಾರೆ. ಕೋಚ್ ಕೈಕೊಟ್ಟರೆ ಮಗು ಕಳೆದುಕೊಳ್ಳುವುದು ಮತ್ತೆ ಬಾರದ ಒಂದು ವರ್ಷ. ಅಷ್ಟರಲ್ಲಿ ಬೇರೆ ಕೋಚ್‌ಗಳ ಪಟ್ಟಿ ತುಂಬಿರುತ್ತದೆ, ಕಾಲೇಜಿನ ಅರ್ಜಿಯ ಗಡುವು ಮೀರಿರುತ್ತದೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಆ ಕಥೆಯಲ್ಲಿ ಮಾತು ಕೊಟ್ಟವಳೇ ತನ್ನ ಪ್ರಾಣವನ್ನು ಪಣಕ್ಕಿಟ್ಟಿದ್ದಳು, ಅದಕ್ಕೇ ಆ ಮಾತಿಗೆ ತೂಕ. ಇಲ್ಲಿ ಮಾತು ಕೊಡುವವರು ಒಬ್ಬರು, ಪಣಕ್ಕೆ ಬೀಳುವವರು ಇನ್ನೊಬ್ಬರು.

ಕಳೆದ ಎರಡು ವರ್ಷಗಳಲ್ಲಿ ನೆಲ ಇನ್ನಷ್ಟು ಸಡಿಲವಾಗಿದೆ. 1964ರಿಂದ ಚಾಲ್ತಿಯಲ್ಲಿದ್ದ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಎಂಬ ಸಹಿಪತ್ರವನ್ನು 2024ರ ಅಕ್ಟೋಬರಿನಲ್ಲಿ ಕೈಬಿಡಲಾಯಿತು. ಅದರ ಕೆಲಸವನ್ನು ಈಗ ಸ್ಕಾಲರ್‌ಶಿಪ್ ಒಪ್ಪಂದವೇ ಮಾಡುತ್ತದೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ‘ಹೌಸ್’ ಪ್ರಕರಣದ ರಾಜಿ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ನೀಡಿದರು. ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಎಂದಾಯಿತು. ಅದರ ಜೊತೆಗೇ, ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ತಂಡದ ಒಟ್ಟು ಆಟಗಾರರ ಸಂಖ್ಯೆಗೆ ಮಿತಿ ಬಿತ್ತು: ಫುಟ್‌ಬಾಲ್‌ಗೆ 105, ಟೆನಿಸ್‌ಗೆ 10.

ಆ ಒಪ್ಪಿಗೆ ಬರುವ ಮುಂಚೆಯೇ ಕೋಚ್‌ಗಳು ಕತ್ತರಿ ಹಿಡಿದಿದ್ದರು. ತಂಡದಲ್ಲಿದ್ದವರನ್ನು ಕೈಬಿಟ್ಟರು, ಹೈಸ್ಕೂಲ್ ಮಕ್ಕಳಿಗೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆದರು. ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಇದನ್ನೇ ಎತ್ತಿ ಹಿಡಿದು, ಇದನ್ನು ಸರಿಪಡಿಸದೆ ಒಪ್ಪಿಗೆ ಇಲ್ಲ ಎಂದರು. ಕೊನೆಗೆ, ಮಿತಿಯ ಕಾರಣಕ್ಕೆ ಜಾಗ ಕಳೆದುಕೊಂಡವರನ್ನು, ತಂಡದಲ್ಲಿ ಜಾಗದ ಭರವಸೆ ಪಡೆದು ಕಳೆದುಕೊಂಡ ಹೈಸ್ಕೂಲ್ ವಿದ್ಯಾರ್ಥಿಗಳನ್ನೂ ಸೇರಿಸಿ, ಮಿತಿಯ ಲೆಕ್ಕಕ್ಕೆ ಹಿಡಿಯದಂತೆ ಸೇರಿಸಿಕೊಳ್ಳಬಹುದು ಎಂದು ಬದಲಾಯಿತು. ‘ಬಹುದು’ ಮಾತ್ರ; ಸೇರಿಸಿಕೊಳ್ಳಲೇಬೇಕು ಎಂದಲ್ಲ. ಆದರೂ ಇದು ಸಣ್ಣ ಸಂಗತಿಯಲ್ಲ. ಕಾಗದವಿಲ್ಲದ ಭರವಸೆ ಮುರಿದಾಗಲೂ ಯಾರಿಗೋ ಗಾಯವಾಗುತ್ತದೆ ಎಂಬುದು ನ್ಯಾಯಾಲಯದ ಲೆಕ್ಕಕ್ಕೆ ಬಂತು.

ಹಣ ಬಂದ ಮೇಲೆ ಬಾಯಿಮಾತು ಸ್ಕಾಲರ್‌ಶಿಪ್ಪಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. 2024ರ ಸೆಪ್ಟೆಂಬರಿನಲ್ಲಿ ನೆವಾಡಾದ ಯುಎನ್‌ಎಲ್‌ವಿ ಫುಟ್‌ಬಾಲ್ ತಂಡ ಮೊದಲ ಮೂರೂ ಪಂದ್ಯ ಗೆದ್ದಿತ್ತು. ಆಗ ಅದರ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ, ತನಗೆ ಕೊಟ್ಟ ಭರವಸೆ ಈಡೇರಲಿಲ್ಲ ಎಂದು ಹೇಳಿ ಋತುವಿನ ನಡುವೆಯೇ ಆಟ ನಿಲ್ಲಿಸಿದರು. ಸಹಾಯಕ ಕೋಚ್ ಒಬ್ಬರು 1,00,000 ಡಾಲರ್ ಕೊಡಿಸುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದರು ಎಂಬುದು ಅವರ ಏಜೆಂಟರ ವಾದ. ಆಟ ಮುಂದುವರಿಸಲು ಹಣ ಕೇಳುವುದೇ ನಿಯಮಬಾಹಿರ ಎಂಬುದು ವಿಶ್ವವಿದ್ಯಾಲಯದ ವಾದ. ಯಾರು ಸರಿ ಎಂದು ಹೇಳಲು ಕಾಗದವೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನನ್ನ ಸಹೋದ್ಯೋಗಿಯೊಬ್ಬರು ಹುಬ್ಬಳ್ಳಿಯವರು, ನನಗಿಂತ ಹಿರಿಯರು. ಮಗಳು ಈಜುಗಾರ್ತಿ. ಅಮೆರಿಕದ ಕೋಚ್ ಒಬ್ಬರು ವಿಡಿಯೊ ಕಾಲ್‌ನಲ್ಲಿ ಜಾಗದ ಮಾತು ಕೊಟ್ಟಿದ್ದಾರೆ, ಉಳಿದವರಿಗೆ ಇನ್ನು ಮೇಲ್ ಬರೆಯುವುದು ಬೇಡ ಎಂದೂ ಸೂಚಿಸಿದ್ದಾರೆ. ‘ಎಷ್ಟು ಪರ್ಸೆಂಟ್ ಸ್ಕಾಲರ್‌ಶಿಪ್ ಅಂತ ಕೇಳಿದ್ರಾ ಅಣ್ಣಾ?’ ಎಂದೆ. ‘ಅದನ್ನ ಹೆಂಗ ಕೇಳೋದು ತಮ್ಮಾ, ಅಷ್ಟು ದೊಡ್ಡ ಮನಿಷ್ಯಾ ಬಾಯಿಲೆ ಹೇಳ್ಯಾನ’ ಎಂದರು. ಮರ್ಯಾದೆಯ ಮನೆಗಳಲ್ಲಿ ಬೆಳೆದ ನಮಗೆ ಇದು ನಿಜವಾದ ತೊಡಕು. ಪ್ರಶ್ನೆ ಕೇಳಿದರೆ ಅಪನಂಬಿಕೆ ತೋರಿಸಿದಂತಾಗುತ್ತದೆ ಎಂಬ ಸಂಕೋಚ. ಆದರೆ ಆ ಕಡೆ ಕೂತವರಿಗೆ ಇದು ದಿನನಿತ್ಯದ ವ್ಯವಹಾರ. ಕೇಳಿದರೆ ಅವರು ಬೇಸರಿಸುವುದಿಲ್ಲ. ಬೇಸರಿಸಿದರೆ ಅದೂ ಒಂದು ಉತ್ತರವೇ.

ಏನು ಕೇಳಬೇಕು? ಮೊದಲನೆಯದು, ಎಷ್ಟು. ‘ಸ್ಕಾಲರ್‌ಶಿಪ್’ ಎಂದರೆ ಪೂರ್ತಿ ಎಂದಲ್ಲ. 2025ರ ಬದಲಾವಣೆಗೆ ಮೊದಲು ಡಿವಿಜನ್ 1ರ ಪುರುಷರ ಟೆನಿಸ್ ತಂಡವೊಂದಕ್ಕೆ ಇದ್ದದ್ದು ಒಟ್ಟು 4.5 ಸ್ಕಾಲರ್‌ಶಿಪ್, ಅದನ್ನೇ ಇಡೀ ತಂಡ ಹಂಚಿಕೊಳ್ಳಬೇಕಿತ್ತು. ಈಗ ಆ ಮಿತಿ ಹಲವೆಡೆ ಇಲ್ಲ, ಆದರೆ ಕೋಚ್ ಕೈಯಲ್ಲಿರುವ ಹಣಕ್ಕೆ ಮಿತಿ ಇದ್ದೇ ಇದೆ. ಡಿವಿಜನ್ 3ರಲ್ಲಿ ಮತ್ತು ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ. ಎರಡನೆಯದು, ಎಷ್ಟು ವರ್ಷಕ್ಕೆ. ಮೂರನೆಯದು, ಇಂದು ಒಪ್ಪಿದರೆ ಜಾಗ ನನ್ನದೇ, ಅಥವಾ ನನ್ನ ಮುಂದೆ ಎಷ್ಟು ಜನರಿದ್ದಾರೆ. ನಾಲ್ಕನೆಯದು, ಅಡ್ಮಿಷನ್ ವಿಭಾಗ ನನ್ನ ಅಂಕಪಟ್ಟಿ ನೋಡಿದೆಯೇ. ಪ್ರವೇಶ ಕೊಡುವುದು ಕೋಚ್ ಅಲ್ಲ, ವಿಶ್ವವಿದ್ಯಾಲಯ. ಕೊನೆಯದಾಗಿ, ನೀವು ಬೇರೆ ಕಡೆ ಹೋದರೆ ಈ ಮಾತು ಉಳಿಯುತ್ತದೆಯೇ.

ಉತ್ತರ ಬಂದ ಸಂಜೆಯೇ, ‘ನೀವು ಹೇಳಿದ್ದನ್ನು ನಾವು ಹೀಗೆ ಅರ್ಥಮಾಡಿಕೊಂಡಿದ್ದೇವೆ’ ಎಂದು ವಿನಯದಿಂದ ಒಂದು ಮೇಲ್ ಕಳಿಸಿ. ಮೀಟಿಂಗ್ ಮುಗಿದ ಮೇಲೆ ನಾವು ಕಳಿಸುವ ಮಿನಿಟ್ಸ್ ಇದ್ದಂತೆ. ಅದು ಒಪ್ಪಂದವಾಗುವುದಿಲ್ಲ, ಆದರೆ ನೆನಪಿನ ತಕರಾರು ಉಳಿಯುವುದಿಲ್ಲ. ಸಹಿಯಾದ ಕಾಗದ ಬರುವವರೆಗೆ ಉಳಿದ ಕೋಚ್‌ಗಳ ಜೊತೆ ಪತ್ರವ್ಯವಹಾರ ನಿಲ್ಲಿಸಬೇಡಿ. ಎಫ್-1 ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವಾಗ ವಿಶ್ವವಿದ್ಯಾಲಯ ಕೇಳುವುದು ಹಣದ ದಾಖಲೆ. ಅಲ್ಲಿ ಬಾಯಿಮಾತಿಗೆ ಕಾಲಮ್ಮೇ ಇಲ್ಲ.

ಇವೆಲ್ಲ ಪೋಷಕರು ಮಾಡಬಹುದಾದದ್ದು. ಆದರೆ ಜವಾಬ್ದಾರಿ ಅವರದಷ್ಟೇ ಎನ್ನುವುದು ಅನ್ಯಾಯ. ಒಂದು ವ್ಯವಸ್ಥೆ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಕೆಡುತ್ತಿದ್ದರೆ ಬಳಸುವವರನ್ನು ಬೈಯುವುದು ಬಿಟ್ಟು ವಿನ್ಯಾಸ ನೋಡಬೇಕು ಎನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ಇಲ್ಲಿ ವಿನ್ಯಾಸದ ದೋಷ ಸ್ಪಷ್ಟ: ಮಾತಿಗೆ ಅನುಮತಿ, ಬರಹಕ್ಕೆ ನಿಷೇಧ. ಮಾತಾಡಲು ಬಿಡುವ ದಿನದಿಂದಲೇ ಬರೆದುಕೊಡಲೂ ಬಿಡಬೇಕು. ಹದಿನೈದು, ಹದಿನಾರರ ಮಕ್ಕಳನ್ನು ಕಾಗದದಲ್ಲಿ ಕಟ್ಟಿಹಾಕಿದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪ ಸರಿಯಾದದ್ದೇ, ಅದಕ್ಕೆ ಉತ್ತರವೂ ಇದೆ. ಆ ಕಾಗದ ಕಟ್ಟಬೇಕಾದದ್ದು ಮಗುವನ್ನಲ್ಲ, ವಿಶ್ವವಿದ್ಯಾಲಯವನ್ನು. ಎಷ್ಟು ಹಣ, ಎಷ್ಟು ವರ್ಷ, ಯಾವ ದಿನದವರೆಗೆ ಊರ್ಜಿತ ಎಂದು ಬರೆದುಕೊಡಲಿ. ಆ ದಿನದೊಳಗೆ ಮಗು ಒಪ್ಪಿದರೆ, ಕೋಚ್ ಬದಲಾದರೂ ವಿಶ್ವವಿದ್ಯಾಲಯ ನಡೆಸಿಕೊಡಲಿ. ಹಾಗಾದರೆ ಎರಡು ಜಾಗಕ್ಕೆ ಐವರಿಗೆ ಮಾತು ಕೊಡುವ ಮೊದಲು ಯಾರಾದರೂ ಒಮ್ಮೆ ಲೆಕ್ಕ ಹಾಕುತ್ತಾರೆ.

ಅಲ್ಲಿಯವರೆಗೆ ಬಾಯಿಮಾತನ್ನು ಸುಳ್ಳು ಎಂದು ತಳ್ಳಿಹಾಕುವುದು ಬೇಡ. ಬಹಳಷ್ಟು ಕೋಚ್‌ಗಳು ಹೇಳುವ ಗಳಿಗೆಯಲ್ಲಿ ಪ್ರಾಮಾಣಿಕರಾಗಿಯೇ ಹೇಳುತ್ತಾರೆ. ಅದು ಆ ದಿನದ ಹವಾಮಾನ ವರದಿ. ಬಿತ್ತನೆಗೆ ಸಿದ್ಧತೆ ಮಾಡಿಕೊಳ್ಳಲು ಅಷ್ಟು ಸಾಕು. ಮಳೆ ಬಿತ್ತು ಎಂದು ಸಾಲ ಮಾಡಿ ಬೀಜ ತರುವುದಕ್ಕೆ ಮಾತ್ರ ಸಾಲದು.