ಮಾಯುವ ಗಾಯ, ಮಾಯಗೊಡದ ಮದ್ದು

ಈಳಿಗೆಮಣೆ ಬೆರಳನ್ನು ಕೊಯ್ದೊಡನೆ ನಮ್ಮ ಮನೆಗಳಲ್ಲಿ ಒಬ್ಬರು ಕಾಫಿಪುಡಿಯ ಡಬ್ಬಿಯನ್ನೂ, ಇನ್ನೊಬ್ಬರು ಅರಿಸಿನವನ್ನೂ, ಮತ್ತೊಬ್ಬರು ಟಿಂಕ್ಚರ್ ಅಯೋಡಿನ್ ಸೀಸೆಯನ್ನೂ ಹಿಡಿದು ಧಾವಿಸುವುದುಂಟು. ಉರಿದಷ್ಟೂ ಮದ್ದು ಬಲವಾದುದೆಂಬ ನಂಬಿಕೆ ಬೇರೆ! ಈ ನಂಬಿಕೆ ನಿರಾಧಾರವೆಂದೂ ಹೇಳುವಂತಿಲ್ಲ. 1865ರಲ್ಲಿ ಗ್ಲಾಸ್ಗೋ ನಗರದ ಜೋಸೆಫ್ ಲಿಸ್ಟರ್ ಕಾಲು ಮುರಿದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿ, ಕಾಲು ಕತ್ತರಿಸುವ ಪ್ರಸಂಗವನ್ನೇ ತಪ್ಪಿಸಿದನು.

ಆದರೆ ಎಲ್ಲ ಗಾಯಕ್ಕೂ ಇದೇ ಮಂತ್ರ ನಡೆಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದ ಜೂಜುಮಂದಿರ ಆಸ್ಪತ್ರೆಯಾಗಿತ್ತು. ಮುಂದೆ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅಲ್ಲಿ ಸೈನಿಕರ ಗಾಯಗಳನ್ನು ಪರೀಕ್ಷಿಸುತ್ತಿದ್ದನು. ಅವನು ಗಾಜಿನ ನಳಿಗೆಯೊಂದನ್ನು ಕಾಯಿಸಿ ಮುಳ್ಳುಮುಳ್ಳಾಗಿ ಎಳೆದು, ಗುಂಡಿನ ಚೂರು ಹೊಕ್ಕ ಗಾಯದ ಸಂದುಗೊಂದುಗಳನ್ನೇ ಅದರಲ್ಲಿ ಮೂಡಿಸಿದನು. ರೋಗಾಣು ತುಂಬಿದ ದ್ರವವನ್ನು ಅದರೊಳಗೆ ಹೊಯ್ದು ಚೆಲ್ಲಿ, ಕ್ರಿಮಿನಾಶಕವನ್ನು ತುಂಬಿದನು. ಅದನ್ನೂ ಚೆಲ್ಲಿ ಶುದ್ಧ ದ್ರವವನ್ನೆರೆದರೆ, ಮತ್ತೆ ರೋಗಾಣುಗಳೇ ಹಬ್ಬಿಕೊಂಡವು! ಮೊನೆಗಳೊಳಗೆ ಮದ್ದು ಮುಟ್ಟಿರಲೇ ಇಲ್ಲ. ಮುಟ್ಟಿದೆಡೆಯಲ್ಲಿಯೂ ಅದು ರೋಗಾಣುಗಳಿಗಿಂತ ಮೊದಲು, ಅವುಗಳೊಡನೆ ಕಾದಾಡುವ ರಕ್ತದ ಬಿಳಿಯ ಕಣಗಳನ್ನು ಕೊಲ್ಲುತ್ತದೆಂದು ಅವನ ಬೇರೆ ಪರೀಕ್ಷೆಗಳು ತೋರಿಸಿದವು. ಆಳವಾದ ಗಾಯಗಳಿಗೆ ಉಪ್ಪುನೀರೇ ಲೇಸೆಂದು ಅವನ ಗುರು ಆಲ್ಮ್ರೋತ್ ರೈಟ್ ವಾದಿಸಿದನು. ಬಹುಮಂದಿ ವೈದ್ಯರು ಕೇಳಲಿಲ್ಲವೆನ್ನಿ.

ಕನ್ನಡದಲ್ಲಿ ನಾವು 'ಗಾಯ ಮಾಯಿತು' ಎನ್ನುತ್ತೇವೆ. ಕ್ರಿಯೆಯೆಲ್ಲ ಗಾಯದ್ದೇ, ಮದ್ದಿಗೆ ಆ ವಾಕ್ಯದಲ್ಲಿ ಸ್ಥಾನವಿಲ್ಲ. ವ್ಯಾಕರಣ ಇಲ್ಲಿ ವೈದ್ಯಕ್ಕೆ ಸಮೀಪವಾಗಿದೆ.

ಗಾಯ ಗಾಳಿಗೆ ಒಣಗಬೇಕೆಂಬ ಮಾತೂ ಹಾಗೆಯೇ ಬಿದ್ದುಹೋಯಿತು. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ಸಣ್ಣ ಗಾಯಗಳನ್ನು ಮಾಡಿ, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದನು. ಮುಚ್ಚಿದವುಗಳಲ್ಲಿ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಿಂದ ಹರಡಿತು. ಹಕ್ಕಳೆಗಟ್ಟಿದಲ್ಲಿ ಎಳೆಯ ಚರ್ಮಕಣಗಳು ಒಣಗಿದ ಪದರದ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕು. ತೇವವಿದ್ದಲ್ಲಿ ಸರಾಗವಾಗಿ ಜಾರಿಹೋಗುತ್ತವೆ.

ತುರಿಕೆಗೆಂದು ತಂದಿಟ್ಟ ಸ್ಟಿರಾಯ್ಡ್ ಮುಲಾಮನ್ನಂತೂ ಗಾಯಕ್ಕೆ ಹಚ್ಚಲೇಬಾರದು. ಅದು ಊತವನ್ನು ಇಳಿಸುವುದರೊಡನೆ ಹೊಸ ಅಂಗಾಂಶದ ಬೆಳವಣಿಗೆಯನ್ನೂ ತಡೆಯುತ್ತದೆ.

ಸಾಮಾನ್ಯ ಕೊಯ್ತಕ್ಕೆ ಶುದ್ಧವಾದ ನೀರಿನಿಂದ ತೊಳೆದು, ತೆಳುವಾಗಿ ವ್ಯಾಸಲೀನ್ ಸವರಿ, ಶುಭ್ರವಾದ ಬಟ್ಟೆ ಕಟ್ಟಿದರೆ ಸಾಕು. ಮಣ್ಣು ತಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರ ಮರೆಯಬಾರದು; ಸಕ್ಕರೆ ರೋಗಿಯ ಕಾಲಿನ ಗಾಯ ಎಷ್ಟೇ ಚಿಕ್ಕದಾಗಿರಲಿ, ವೈದ್ಯರ ಕಣ್ಣಿಗೆ ಬೀಳಬೇಕು. ಇನ್ನು ಕಾಫಿಪುಡಿ: ಹೊಲಿಗೆ ಹಾಕುವ ಮುನ್ನ ವೈದ್ಯರು ಅದನ್ನು ಕಣಕಣವಾಗಿ ತೊಳೆದು ತೆಗೆಯಬೇಕಾಗುತ್ತದೆ, ಆಗಿನ ನೋವು ಈಳಿಗೆಯ ನೋವಿಗಿಂತ ಹೆಚ್ಚಿನದು.